ಮುಸುವನ ಪಾಠದ ಉಳಿದರ್ಧ

ಹೋದ ತಿಂಗಳು ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಪದವಿಪೂರ್ವ ಕಾಲೇಜಿಗೆ ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿ ಇನ್ನೂ ವರ್ಷ ತುಂಬಿಲ್ಲ. ಅದು ಇದು ಮಾತಾಡುತ್ತ ಕಾಫಿ ಕುಡಿದು, ಕೊನೆಗೆ ಲೋಟ ಕೆಳಗಿಟ್ಟು, "ಮೇಡಂ, ಆ ಪಾಠ ನೀವು ಹೆಂಗ ಮಾಡ್ತಿದ್ರಿ?" ಎಂದು ಕೇಳಿದಳು.

ಯಾವ ಪಾಠ ಎಂದು ನಾನು ಕೇಳಲಿಲ್ಲ. ನಮ್ಮ ವಿಷಯ ಕಲಿಸುವವರಿಗೆಲ್ಲ ಅದು ಗೊತ್ತು. ಗಂಡು ಹೆಣ್ಣು ಯಾಕೆ ಕೂಡುತ್ತವೆ, ಮರಿ ಹೇಗೆ ಹುಟ್ಟುತ್ತದೆ, ಈ ವಿಚಾರದಲ್ಲಿ ಮನುಷ್ಯ ಉಳಿದ ಪ್ರಾಣಿಗಳಿಂದ ಎಲ್ಲಿ ಬೇರೆಯಾದ. ಪುಸ್ತಕದಲ್ಲಿ ಇದಕ್ಕೆ ಕೆಲವೇ ಪುಟ. ತರಗತಿಯಲ್ಲಿ ನಿಂತು ಹೇಳುವಾಗ ಮಾತ್ರ ಬೆವರಿಳಿಯುತ್ತದೆ. ಅವಳಿಗೆ ಆ ದಿನ ಹೇಳಿದ್ದು ಸ್ವಲ್ಪ. ಅವಳಂಥವರು ಇನ್ನೂ ಇದ್ದಾರಲ್ಲ, ಅವರಿಗಾಗಿ ಉಳಿದದ್ದನ್ನು ಬರೆದಿಡುತ್ತಿದ್ದೇನೆ.

ನನ್ನ ಮೊದಲ ಕೆಲಸ ಕಂಪ್ಲಿಯಲ್ಲಿ. ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪ್ರಿನ್ಸಿಪಾಲರು ಶೇಷಗಿರಿರಾಯರು. ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡೇ ಕಾಲೇಜಿಗೆ ಬರುವ, ಯಾರ ಮೇಲೂ ದನಿ ಏರಿಸದ ಮನುಷ್ಯ. ಸೇರಿದ ವಾರವೇ ನನ್ನನ್ನು ಕರೆದು, "ನೋಡಮ್ಮಾ, ಆ ಸಂತಾನೋತ್ಪತ್ತಿ ಪಾಠ ಐತಲ್ಲ, ಅದನ್ನ ಮಕ್ಳು ಮನ್ಯಾಗ ಓದ್ಕೊಂತಾರ. ಹಿಂದಿನವರೂ ಹಂಗೇ ಬಿಡ್ತಿದ್ರು" ಎಂದರು. ನಾನು ತಲೆಯಾಡಿಸಿ ಬಂದೆ. ಆದರೆ ಮನೆಯಲ್ಲಿ ಓದಿಕೊಳ್ಳುವುದು ಎಂಥದ್ದು ಎಂಬುದು ನನಗೆ ಗೊತ್ತಿತ್ತು. ನಾನೇ ಓದುವ ಕಾಲದಲ್ಲಿ ಆ ಪುಟಗಳ ಮೇಲೆ ಬೇರೆ ಪುಸ್ತಕ ಮುಚ್ಚಿಟ್ಟುಕೊಂಡು ಓದಿದವಳು.

ಪಾಠ ಮಾಡಿದೆ. ಎಲ್ಲ ಮಾತಿಗೂ ಸಂಸ್ಕೃತ ಶಬ್ದ ಹುಡುಕಿ, ಬೋರ್ಡಿನ ಕಡೆ ಮುಖ ಮಾಡಿಕೊಂಡು, ಮಂತ್ರ ಹೇಳಿದ ಹಾಗೆ ಹೇಳಿದೆ. ಹುಡುಗಿಯರು ಡೆಸ್ಕು ನೋಡುತ್ತಿದ್ದರು, ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು. ಆಗ ಹಿಂದಿನ ಬೆಂಚಿನಿಂದ ಬುಕ್ಕಸಾಗರದ ಭತ್ತದ ರೈತರ ಮಗ ವೀರೇಶ ಎದ್ದು ನಿಂತ. "ಮೇಡಂ, ಮನುಷ್ಯಾರು ಮದಿವಿ ಆಗ್ತಾರ. ಮಂಗ್ಯಾ ಯಾಕ ಆಗಂಗಿಲ್ರಿ?"

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದ. "ನಾಳೆ ಹೇಳ್ತೀನಪ್ಪಾ" ಎಂದೆ.

ಮರುದಿನ ಬೋರ್ಡಿಗೆ ಬೆನ್ನು ಹಾಕಿ ನಿಂತು, ಪುಸ್ತಕ ಮೇಜಿನ ಮೇಲಿಟ್ಟು ಅವನನ್ನೇ ಕೇಳಿದೆ: "ನಿಮ್ಮ ಮನ್ಯಾಗ ಎಮ್ಮಿ ಈದಾಗ ಕರು ಯಾವಾಗ ಎದ್ದು ನಿಲ್ತೈತಿ?"

"ಆವತ್ತೇ ರೀ. ಎದ್ದು ತಾನೇ ಕೆಚ್ಚಲಾ ಹುಡುಕ್ತೈತಿ."

"ನಿಮ್ಮ ಅಕ್ಕನ ಕೂಸು?"

"ಅದು ಇನ್ನಾ ಬೋರಲು ಬೀಳಾಕತ್ತೈತ್ರಿ."

ಅಲ್ಲಿಂದ ಪಾಠ ತಾನಾಗಿ ನಡೆಯಿತು. ಮನುಷ್ಯನ ಕೂಸು ಪೂರ್ತಿ ಪರಾಧೀನವಾಗಿ ಹುಟ್ಟುತ್ತದೆ. ತಲೆ ದೊಡ್ಡದು, ಬೆಳೆಯಲು ಬೇಕಾದ ಕಾಲ ಉದ್ದ. ತಾಯೊಬ್ಬಳೇ ಅದನ್ನು ಎತ್ತಿಕೊಂಡು, ಗೆಡ್ಡೆ ಅಗೆದು, ಮೃಗಗಳಿಂದ ಕಾಯ್ದುಕೊಂಡು ಬದುಕಿಸುವುದು ಕಷ್ಟ. ಹಿಂದೆ ಯಾವ ತಾಯಿಯ ಜೊತೆ ಒಬ್ಬ ಗಂಡು ನಿಂತನೋ, ಯಾವ ಮನೆಯಲ್ಲಿ ಒಬ್ಬ ಅಜ್ಜಿ ಗಟ್ಟಿಯಾಗಿ ಉಳಿದು ಮೊಮ್ಮಗುವಿಗೆ ಉಣಿಸಿದಳೋ, ಅಲ್ಲಿಯ ಕೂಸುಗಳು ಹೆಚ್ಚು ಉಳಿದವು. ನಾವೆಲ್ಲ ಅಂಥ ಕೂಸುಗಳ ಸಂತತಿ. ಬಹಳಷ್ಟು ಪ್ರಾಣಿಗಳಿಗೆ ಗಂಡು ಹೆಣ್ಣಿನ ಸೆಳೆತ ಒಂದು ಕಾಲಕ್ಕೆ ಬಂದು ಹೋಗುತ್ತದೆ. ಮನುಷ್ಯರಲ್ಲಿ ಅದು ವರ್ಷವಿಡೀ ಇರುತ್ತದೆ, ಬಸಿರಿಗೆ ಸಂಬಂಧವಿಲ್ಲದ ದಿನಗಳಲ್ಲೂ ಇರುತ್ತದೆ. ಇಬ್ಬರನ್ನು ಬಹುಕಾಲ ಹತ್ತಿರ ಹಿಡಿದಿಡುವ ಹಗ್ಗಗಳಲ್ಲಿ ಅದೂ ಒಂದಿರಬೇಕು ಎನ್ನುತ್ತಾರೆ. ಈ ವಿಚಾರದಲ್ಲಿ ವಿಜ್ಞಾನಿಗಳ ನಡುವೆ ಇನ್ನೂ ಜಗಳವಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ.

ವೀರೇಶ ಮತ್ತೆ ಎದ್ದ. "ಅಂದ್ರ ಮದಿವಿ ಕೂಸಿನ ಸಲುವಾಗಿ ಹುಟ್ಟಿದ್ದೇನ್ರಿ?"

"ಮದುವೆ ಅನ್ನೋದು ಮನುಷ್ಯ ಆಮೇಲೆ ಮಾಡಿಕೊಂಡ ಏರ್ಪಾಡು. ಜೊತೆಗಿರಬೇಕು ಅನ್ನಿಸೋದು ಅದಕ್ಕಿಂತ ಭಾಳ ಹಳೇದು" ಎಂದೆ. ಯಾರೂ ನಗಲಿಲ್ಲ.

ಗಂಟೆಯಾದ ಮೇಲೆ ನೋಡಿದರೆ ಪ್ರಿನ್ಸಿಪಾಲರು ಬಾಗಿಲ ಹೊರಗೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡು ಅವರ ಹಿಂದೆ ಚೇಂಬರಿಗೆ ಹೋದೆ. ರಾಯರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಮಗಳು ಬಾಣಂತನಕ್ಕೆ ಬಂದಾಳಮ್ಮಾ. ಅಳಿಯಂದ್ರು ಬರ್ತಾರ, ಕೂಸನ್ನ ದೂರದಿಂದ ನೋಡ್ತಾರ, ಪೇಪರ್ ಓದ್ತಾರ, ಹೋಗ್ತಾರ. ಈಗ ಹೇಳಿದ್ಯಲ್ಲ, ಅದನ್ನ ಅವರಿಗೂ ಸ್ವಲ್ಪ ಹೇಳಾಕ ಬರ್ತೈತೇನು?" ಎಂದರು. ಅಳಿಯನಿಗೆ ಪಾಠ ಹೇಳುವ ಯೋಗ ನನಗೆ ಬರಲಿಲ್ಲ. ಆದರೆ ಆ ಪಾಠ ಬಿಡು ಎಂದು ರಾಯರು ಮತ್ತೆಂದೂ ಹೇಳಲಿಲ್ಲ.

ಈಗ ಸಂಡೂರಿನ ಮಾತಿಗೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಬರೆಯಲು ಕುಳಿತದ್ದು.

ಕಂಪ್ಲಿಯಾದ ಎಷ್ಟೋ ವರ್ಷಗಳ ಮೇಲೆ ನನಗೆ ಸಂಡೂರಿಗೆ ವರ್ಗವಾಯಿತು. ಅಲ್ಲಿಯ ಕಾಲೇಜಿಗೆ ಕುರೆಕುಪ್ಪ, ತೋರಣಗಲ್ಲು ಕಡೆಯಿಂದಲೂ ಮಕ್ಕಳು ಬರುತ್ತಿದ್ದರು. ಹೆಚ್ಚಿನವರ ಮನೆಯಲ್ಲಿ ಯಾರಾದರೂ ಒಬ್ಬರು ಗಣಿಯಲ್ಲೋ ಕಾರ್ಖಾನೆಯಲ್ಲೋ ಶಿಫ್ಟಿಗೆ ಹೋಗುವವರು. ಆ ವರ್ಷ ನಾನು ಜೀವವಿಕಾಸದ ಪಾಠಕ್ಕೆ ಹಂಪಿಯ ಮುಸುವಗಳ ಉದಾಹರಣೆ ತೆಗೆದುಕೊಂಡೆ. ಕಪ್ಪು ಮೂತಿ, ಉದ್ದ ಬಾಲದ ಈ ಕೋತಿಗಳನ್ನು ನೋಡದ ಮಗು ನಮ್ಮ ಕಡೆ ಇಲ್ಲ. ಒಂದು ಗಂಡು ಹಲವು ಹೆಣ್ಣುಗಳ ಹಿಂಡಿನಲ್ಲಿ ಯಜಮಾನನಾಗಿರುತ್ತದೆ. ಹೊರಗಿನಿಂದ ಹೊಸ ಗಂಡು ಬಂದು ಅದನ್ನು ಓಡಿಸಿದರೆ, ಕೆಲವು ಸಲ ಹಾಲು ಕುಡಿಯುವ ಮರಿಗಳನ್ನು ಕೊಲ್ಲುತ್ತದೆ. ಮರಿ ಸತ್ತರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ, ಹುಟ್ಟುವ ಮರಿ ಹೊಸ ಗಂಡಿನದಾಗುತ್ತದೆ. ಇಷ್ಟು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮನುಷ್ಯರ ವಿಷಯ ಮುಂದಿನ ತರಗತಿಯಲ್ಲಿ ಎಂದೆ. ಮರುದಿನದಿಂದ ದಸರೆ ರಜೆ.

ರಜೆ ಮುಗಿದ ಮೊದಲ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಹೆಂಗಸು ಸ್ಟಾಫ್ ರೂಮಿಗೆ ಬಂದಳು. ಕಾರ್ಖಾನೆಯ ಕ್ಯಾಂಟೀನಿನ ನೀಲಿ ಸಮವಸ್ತ್ರದ ಮೇಲೆ ಸೆರಗು ಹೊದ್ದಿದ್ದಳು. ನನ್ನ ವಿದ್ಯಾರ್ಥಿನಿ ಅಂಬಿಕಾಳ ತಾಯಿ, ಹೆಸರು ಗಂಗಮ್ಮ.

"ಕುಂದ್ರಿ" ಎಂದೆ. ಕೂರಲಿಲ್ಲ.

"ಮೇಡಂ, ನನ್ನ ಮಗಳಿಗೆ ಏನ್ ಪಾಠ ಹೇಳೀರಿ ನೀವು?"

"ಯಾಕಮ್ಮಾ, ಏನಾಯ್ತು?"

ಆಗ ಕೂತಳು. ಕೂತವಳೇ ಅತ್ತಳು. ಗಂಡ ಕಾಮಾಲೆಯಿಂದ ತೀರಿಕೊಂಡಾಗ ಅಂಬಿಕಾ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ಅಂದಿನಿಂದ ಒಬ್ಬಳೇ ದುಡಿದು ಮಗಳನ್ನು ಓದಿಸುತ್ತಿದ್ದಳು. ಶಿಫ್ಟಿನ ಬಸ್ಸು ಓಡಿಸುವ ಮಲ್ಲಿಕಾರ್ಜುನ ಎಂಬವನು, ಹೆಂಡತಿ ತೀರಿಕೊಂಡವನು, ಮಕ್ಕಳಿಲ್ಲ, ಒಂದು ದಿನ ನೇರವಾಗಿ ಕೇಳಿದ್ದ, ನಾವಿಬ್ಬರೂ ಮದುವೆಯಾಗೋಣವೇ ಎಂದು. ಗಂಗಮ್ಮನಿಗೂ ಮನಸ್ಸಿತ್ತು. ಮಗಳಿಗೆ ಹೇಳಿದಳು. ಮಗಳು ಉತ್ತರವಾಗಿ ನನ್ನ ಪಾಠ ಒಪ್ಪಿಸಿದಳು.

"ಹೊಸ ಗಂಡು ಬಂದ್ರ ಮೊದಲಿನ ಗಂಡಿನ ಮರೀನ ಕೊಲ್ತೈತಿ, ಮೇಡಂ ಹೇಳ್ಯಾರ ಅಂತಾಳ್ರಿ. ನಮ್ಮಣ್ಣಗೆ ಮೊದಲೇ ಇದು ಬ್ಯಾಡಾಗಿತ್ತು. ನೋಡು, ಕಾಲೇಜ್ನಾಗೂ ಅದನ್ನೇ ಕಲಿಸ್ತಾರ ಅಂತ ಓಣಿ ತುಂಬಾ ಹೇಳ್ಕೊಂತ ತಿರಗ್ಯಾನ. ನಾನು ಏನ್ ಮಾಡ್ಲಿ ಹೇಳ್ರಿ?"

ನನ್ನ ಡಬ್ಬಿಯಲ್ಲಿದ್ದ ಚಪಾತಿ ಆ ದಿನ ಹಾಗೇ ಉಳಿಯಿತು. ಗಂಗಮ್ಮನಿಗೆ ಹೇಳಿದೆ, ಪಾಠ ಇನ್ನೂ ಅರ್ಧವೇ ಆಗಿದೆ, ಉಳಿದರ್ಧ ನಾಳೆ ಮಾಡುತ್ತೇನೆ, ಅಂಬಿಕಾ ಕೇಳಲಿ.

ಅಷ್ಟರಲ್ಲಿ ಆ ಅಣ್ಣ ಪ್ರಿನ್ಸಿಪಾಲರ ಹತ್ತಿರವೂ ಹೋಗಿ ಕೂಗಾಡಿ ಬಂದಿದ್ದ. ಸಂಡೂರಿನ ಪ್ರಿನ್ಸಿಪಾಲರು ಭೌತಶಾಸ್ತ್ರದವರು, ಮಾತು ಕಡಿಮೆ. ನನ್ನನ್ನು ಕರೆದು ಒಂದೇ ಮಾತು ಕೇಳಿದರು. "ಪಾಠದಾಗ ತಪ್ಪೇನರ ಐತೇನ್ರಿ?"

"ಇಲ್ಲ ಸರ್. ಅರ್ಧಕ್ಕ ನಿಂತೈತಿ."

"ಹಂಗಾದ್ರ ಪೂರ್ತಿ ಮಾಡ್ರಿ. ಆ ಮನುಷ್ಯನ್ನ ನಾ ನೋಡ್ಕೊಂತೀನಿ."

ಹೊಸಬರೇ, ನಿಮಗೂ ಇಂಥ ಒಬ್ಬ ಮೇಲಧಿಕಾರಿ ಸಿಗಲಿ ಎಂದು ಹಾರೈಸುತ್ತೇನೆ.

ಮರುದಿನ ಯಾರ ಹೆಸರೂ ಎತ್ತದೆ ಪಾಠ ಮುಂದುವರಿಸಿದೆ. ಪ್ರಕೃತಿಯಲ್ಲಿ ಒಂದು ಸಂಗತಿ ನಡೆಯುತ್ತದೆ ಎಂದರೆ ಅದು ಹಾಗೇ ನಡೆಯಬೇಕು ಎಂಬ ಆಜ್ಞೆಯಲ್ಲ. ಮುಸುವಗಳಲ್ಲೇ ಇನ್ನೊಂದು ಗುಣವೂ ಇದೆ. ಹೆಣ್ಣುಗಳು ಒಂದರ ಮರಿಯನ್ನು ಇನ್ನೊಂದು ಎತ್ತಿಕೊಳ್ಳುತ್ತವೆ. ಮನುಷ್ಯ ಆ ಗುಣವನ್ನು ತುಂಬ ದೂರ ಬೆಳೆಸಿದ. ತನ್ನದಲ್ಲದ ಕೂಸನ್ನು ಎತ್ತಿ ಆಡಿಸುವುದು, ಉಣಿಸುವುದು, ಸಾಕಿ ತನ್ನದೆನ್ನುವುದು ನಮ್ಮ ಜಾತಿಯ ಪ್ರಾಣಿಗೆ ದಿನನಿತ್ಯದ ಕೆಲಸ. ಗಂಡಸರೂ ಅದನ್ನು ಮಾಡುತ್ತಾರೆ. ಹಾಗೆ ಮಾಡಲು ಬಾರದಿದ್ದರೆ ನಾವು ಇಷ್ಟು ಜನ ಉಳಿಯುತ್ತಿರಲಿಲ್ಲ.

ತರಗತಿ ಖಾಲಿಯಾದ ಮೇಲೆ ಅಂಬಿಕಾ ಉಳಿದಳು. ಎರಡು ಜಡೆಯ, ಗಟ್ಟಿ ಗದ್ದದ ಹುಡುಗಿ. ಅಳುವವಳಲ್ಲ.

"ನೀವು ಹೇಳಿದ್ದು ತಿಳೀತ್ರಿ ಮೇಡಂ. ಆದ್ರ ಅದು ಎಲ್ಲಾ ಗಂಡಸ್ರಿಗೂ ಗೊತ್ತಿರ್ತೈತೇನ್ರಿ? ನಮ್ಮ ಮನಿಗೆ ಬರೋ ಮನುಷ್ಯಾಗ ಗೊತ್ತೈತಿ ಅಂತ ನೀವು ಹೇಳ್ತೀರೇನು?"

ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು. ಲಕ್ಷಾಂತರ ವರ್ಷಗಳ ಲೆಕ್ಕ ಹೇಳಬಹುದು, ಒಬ್ಬ ಮಲ್ಲಿಕಾರ್ಜುನನ ಬಗ್ಗೆ ಏನೂ ಹೇಳಲಾಗದು. ಅವಳ ಹೆದರಿಕೆ ಸುಳ್ಳೂ ಅಲ್ಲ. ಮಲತಂದೆಯ ಕೈಯಲ್ಲಿ ನೊಂದ ಮಕ್ಕಳನ್ನು ನಾನೂ ಕಂಡಿದ್ದೆ.

"ಹೇಳಾಕ ಬರಂಗಿಲ್ಲಮ್ಮಾ" ಎಂದೆ. "ಆದ್ರ ಒಂದು ಪ್ರಾಣಿ ಎಂಥದ್ದು ಅಂತ ತಿಳಿಯೋದು ಹೆಂಗ? ದೂರ ಕೂತು ನೋಡಬೇಕು. ಅವಸರ ಮಾಡಬಾರದು. ನೀನೂ ನೋಡು. ನೋಡಿ ಬ್ಯಾಡ ಅನ್ನಿಸಿದ್ರ ಬ್ಯಾಡ ಅನ್ನು. ಯಾವತ್ತಾದ್ರೂ ಏನರ ಸರಿ ಕಾಣ್ಲಿಲ್ಲ ಅಂದ್ರ ನನ್ನ ಹತ್ರ ಬಾ."

ಗಂಗಮ್ಮನಿಗೂ ಇದನ್ನೇ ಹೇಳಿದೆ. ಅವಳು, "ಆಕಿ ಹೂಂ ಅನ್ನೋತನಕ ನಾನು ಮಾಡ್ಕೊಳ್ಳಂಗಿಲ್ರಿ. ಅವ್ರಿಗೂ ಹಂಗೇ ಹೇಳ್ತೀನಿ. ಕಾಯೋದಾದ್ರ ಕಾಯ್ಲಿ" ಎಂದಳು.

ಆ ಚಳಿಗಾಲದಲ್ಲಿ ಮಕ್ಕಳನ್ನು ಹಂಪಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಗುಡಿ ಗೋಪುರ ತೋರಿಸಲು ಅಲ್ಲ, ಕೋತಿಗಳನ್ನು ತೋರಿಸಲು. ಬಾಡಿಗೆ ಬಸ್ಸು ಹುಡುಕುವಾಗ ತಿಳಿಯಿತು, ಮಲ್ಲಿಕಾರ್ಜುನ ವಾರದ ರಜೆಯ ದಿನ ಅಂಥ ಗಾಡಿ ಓಡಿಸುತ್ತಾನೆ ಎಂದು. ಅಂಬಿಕಾಳನ್ನು ಮೊದಲೇ ಕೇಳಿದೆ. "ಬ್ಯಾರೆ ಡ್ರೈವರ್ ನೋಡ್ಲೇನು?"

"ಬರ್ಲಿ ಬಿಡ್ರಿ. ನೋಡ್ತೀನಿ."

ಬೆಳಿಗ್ಗೆ ಹೊರಟೆವು. ಘಾಟಿಯ ತಿರುವುಗಳಲ್ಲಿ ಒಬ್ಬ ಹುಡುಗಿಗೆ ಹೊಟ್ಟೆ ತೊಳಸಿ ಸೀಟಿನ ಮೇಲೆಲ್ಲ ವಾಂತಿಯಾಯಿತು. ಉಳಿದವರು ಮೂಗು ಮುಚ್ಚಿಕೊಂಡು ಕೂಗಿದರು. ಮಲ್ಲಿಕಾರ್ಜುನ ಗಾಡಿ ಬದಿಗೆ ನಿಲ್ಲಿಸಿ ಬಂದ. ಕಪ್ಪಗೆ, ದಪ್ಪ ಮೀಸೆಯ, ಸ್ವಲ್ಪ ಬೊಜ್ಜಿನ ಮನುಷ್ಯ. ನೀರು ತಂದು ಮೊದಲು ಆ ಹುಡುಗಿಗೆ ಬಾಯಿ ಮುಕ್ಕಳಿಸಲು ಕೊಟ್ಟ, ಆಮೇಲೆ ಹಳೆ ಟವೆಲ್ಲಿನಿಂದ ಸೀಟು ಒರೆಸಿದ. "ನಾಚಿಗಿ ಯಾಕವ್ವಾ, ಈ ರೋಡ್ನಾಗ ನಂಗೂ ಆಗೇತಿ" ಎಂದು ಅವಳನ್ನು ಮುಂದಿನ ಸೀಟಿಗೆ ಕೂರಿಸಿ, ಕೈಗೆ ನಿಂಬೆಹಣ್ಣು ಕೊಟ್ಟು, ಅಲ್ಲಿಂದ ಹಂಪಿಯವರೆಗೆ ತುಂಬಿದ ಕೊಡ ಹೊತ್ತವರ ಹಾಗೆ ಬಸ್ಸು ಓಡಿಸಿದ. ಅಂಬಿಕಾ ಕಿಟಕಿಯ ಕಡೆ ಮುಖ ಮಾಡಿದ್ದಳು, ಆದರೆ ಕಣ್ಣು ಕಿಟಕಿಯ ಕಡೆ ಇರಲಿಲ್ಲ.

ಹಂಪಿ ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿ ಮಕ್ಕಳನ್ನು ಗುಂಪು ಗುಂಪಾಗಿ ಕೂರಿಸಿದೆ. ಮಾತಾಡಬೇಡಿ, ತಿಂಡಿ ತೆಗೆಯಬೇಡಿ, ಸುಮ್ಮನೆ ನೋಡಿ. ಮಂಟಪದ ನೆತ್ತಿಯ ಮೇಲೆ ಮುಸುವಗಳ ಹಿಂಡು ಬಿಸಿಲು ಕಾಯುತ್ತಿತ್ತು. ಅದರಲ್ಲೊಂದು ಈಚೆಗೆ ಹುಟ್ಟಿದ ಕಪ್ಪು ಮರಿ. ತಾಯಿ ಅದನ್ನು ಬಿಟ್ಟು ಎಲೆ ತಿನ್ನಲು ಹೋಯಿತು. ಪಕ್ಕದ ಹೆಣ್ಣು ಮರಿಯನ್ನು ಎಳೆದುಕೊಂಡಿತು, ಅದರಿಂದ ಇನ್ನೊಂದು. ಎಳೆವಯಸ್ಸಿನ ಒಂದು ಹೆಣ್ಣು ಆ ಮರಿಯನ್ನು ತಲೆಕೆಳಗಾಗಿ ಹಿಡಿದುಕೊಂಡಾಗ ನಮ್ಮ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಕೆಳಗೆ ಕೆಂಪು ಮೂತಿಯ ಮಂಗಗಳಲ್ಲಿ ಎರಡು ಬಲಿತ ಗಂಡುಗಳು ಒಂದನ್ನೊಂದು ತಬ್ಬಿ ಕೂತಿದ್ದವು. ಒಂದು ಮರಿ ಎರಡರ ನಡುವೆ ನುಸುಳಾಡುತ್ತಿತ್ತು. "ಗಂಡು ಮಂಗ್ಯಾಗಳು ಬರೇ ಕಚ್ಚಾಡ್ತಾವ ಅಂತ ತಿಳ್ಕೊಂಡಿದ್ವಿ" ಎಂದ ಒಬ್ಬ ಹುಡುಗ.

ಮಲ್ಲಿಕಾರ್ಜುನ ನೆರಳಿನಲ್ಲಿ ಒಬ್ಬನೇ ಕೂತಿದ್ದ. ನಾನು ಆ ಕಡೆ ಹೋದಾಗ ಎದ್ದು ನಿಂತ.

"ಮೇಡಂ, ನಾನೊಂದು ಮುಸ್ಯಾ ಅಂತ ಆ ಹುಡುಗಿ ತಿಳ್ಕೊಂಡಾಳಂತ. ಹೌದೇನ್ರಿ?"

ನಗು ಬಂತು, ತಡೆದುಕೊಂಡೆ. "ಹೆದರ್ಯಾಳ. ಅಷ್ಟೇ."

"ನಾನೇನ್ ಮಾಡ್ಬೇಕ್ರಿ? ಏನರ ತಂದುಕೊಡ್ಲೇನು? ಮಾತಾಡಿಸ್ಲೇನು?"

"ಏನೂ ಮಾಡಬ್ಯಾಡ್ರಿ. ನೀವು ಹೆಂಗ ಅದೀರೋ ಹಂಗ ಇರ್ರಿ."

"ಅದು ಭಾಳ ಕಷ್ಟದ ಕೆಲ್ಸ ಮೇಡಂ" ಎಂದು ಮೀಸೆ ಸವರಿಕೊಂಡ. ಆದರೆ ಅದನ್ನೇ ಮಾಡಿದ. ಆ ದಿನವೆಲ್ಲ ಅಂಬಿಕಾಳ ಹತ್ತಿರ ಸುಳಿಯಲಿಲ್ಲ, ಒಂದು ಮಾತೂ ಆಡಲಿಲ್ಲ.

ಮರುದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಮೇಡಂ, ಅವ್ರು ವಾಂತಿ ಒರಸುವಾಗ ಮುಖಾ ಗಂಟು ಹಾಕ್ಲಿಲ್ಲ. ಆ ಹುಡುಗಿ ಅವ್ರಿಗೆ ಏನೂ ಆಗ್ಬೇಕಾಗಿಲ್ಲ."

"ಒಂದು ದಿನ ನೋಡಿದ್ರ ಸಾಲಂಗಿಲ್ಲಮ್ಮಾ."

"ಗೊತ್ತೈತ್ರಿ. ಇನ್ನೂ ನೋಡ್ತೀನಿ."

ಅವಳು ನೋಡಿದಳು. ತಾಯಿ ಹುಷಾರಿಲ್ಲದೆ ಮಲಗಿದಾಗ ಅವನು ಬಾಗಿಲಲ್ಲೇ ನಿಂತು ಔಷಧಿ ಕೊಟ್ಟು ಹೋದದ್ದು ನೋಡಿದಳು. ಸೋದರಮಾವ ನಾಲ್ಕು ಜನರ ಎದುರು ಬೈದಾಗ ಅವನು ತಿರುಗಿ ಬೈಯದ್ದನ್ನೂ, ಹಾಗೆಂದು ತಲೆ ತಗ್ಗಿಸಿ ಹೋಗದ್ದನ್ನೂ ನೋಡಿದಳು. ಎಲ್ಲವನ್ನೂ ನನಗೆ ಬಂದು ಹೇಳುತ್ತಿದ್ದಳು, ಹೊಗಳಿಕೆಯಾಗಿ ಅಲ್ಲ, ಕಂಡದ್ದು ಕಂಡ ಹಾಗೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಅಕ್ಕಿ ಆರಿಸುತ್ತ ಕೂತಲ್ಲೇ ತಾಯಿಗೆ, "ಮದಿವಿ ಮಾಡ್ಕೊ ಬೇ ಯವ್ವಾ" ಎಂದಳಂತೆ. ಗಂಗಮ್ಮ ಅದನ್ನು ನನಗೆ ಫೋನಿನಲ್ಲಿ ಎರಡು ಮೂರು ಸಲ ಹೇಳಿದಳು.

ಮದುವೆಗೆ ನಾನೂ ಹೋಗಿದ್ದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಸಿ, ಹೋಟೆಲಿನಲ್ಲಿ ಹೋಳಿಗೆ ಊಟ. ಸೋದರಮಾವ ಕಚೇರಿಗೆ ಬಂದಿರಲಿಲ್ಲ. ಊಟ ಶುರುವಾದ ಮೇಲೆ ಬಂದ. ಯಾರ ಜೊತೆಯೂ ಮಾತಾಡದೆ ಹೊಟ್ಟೆ ತುಂಬ ಉಂಡು, ಹೋಗುವಾಗ ತಂಗಿಯ ತಲೆ ಮೇಲೆ ಕೈಯಿಟ್ಟು ಹೋದ.

ಕೆಲಸದ ಕೊನೆಯ ಒಂದೆರಡು ವರ್ಷಗಳನ್ನು ಹೊಸಪೇಟೆಯಲ್ಲೇ ಕಳೆದೆ. ಕಂಪ್ಲಿಯ ದಿನಗಳಿಂದ ಅಲ್ಲಿಗೆ ತರಗತಿ ಪೂರ್ತಿ ಬದಲಾಗಿತ್ತು. ಈಗಿನ ಮಕ್ಕಳು ಆ ಪಾಠಕ್ಕೆ ನಾಚುವುದಿಲ್ಲ. ಫೋನಿನಲ್ಲಿ ನೋಡಬಾರದ್ದೆಲ್ಲ ನೋಡಿ, ಎಲ್ಲ ಗೊತ್ತು ಎಂದುಕೊಂಡು ಬರುತ್ತಾರೆ. ನಮ್ಮ ಕಾಲದಲ್ಲಿ ಬಾಯಿ ಬಿಡಿಸುವುದು ಕಷ್ಟವಾಗಿತ್ತು, ಈಗ ತಲೆಯಲ್ಲಿ ತುಂಬಿದ್ದನ್ನು ತೆಗೆಯುವುದು ಕಷ್ಟ. ಒಬ್ಬ ಹುಡುಗ ಎದ್ದು, "ಮೇಡಂ, ಗಂಡಸು ಅಂದ್ರ ಆಲ್ಫಾ ಇರ್ಬೇಕು, ಹುಡುಗೇರು ಅಂಥವ್ರನ್ನೇ ಇಷ್ಟಪಡ್ತಾರ, ಇದು ನೇಚರ್ ಅಂತ ರೀಲ್ಸ್ನಾಗ ತೋರಿಸ್ತಾರ್ರಿ" ಎಂದ. ನಾನು ಅವನಿಗೆ ಬೈಯಲಿಲ್ಲ. ಅವನನ್ನೂ ಗೆಳೆಯರನ್ನೂ ಒಂದು ಭಾನುವಾರ ಹಂಪಿಗೆ ಕರೆದೊಯ್ದು ಮಧ್ಯಾಹ್ನದವರೆಗೆ ಮಂಗಗಳ ಎದುರು ಕೂರಿಸಿದೆ. ಎಲ್ಲರ ಮೇಲೂ ಹಲ್ಲು ಕಿರಿಯುತ್ತಿದ್ದ ಒಂದು ಗಂಡಿನ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಹೇನು ತೆಗೆಸಿಕೊಳ್ಳಲೂ ಅದಕ್ಕೆ ಜೊತೆ ಇರಲಿಲ್ಲ. ಹುಡುಗ ಬಹಳ ಹೊತ್ತು ಅದನ್ನೇ ನೋಡುತ್ತಿದ್ದ. "ಇದು ಒಂದು ಮಂಗ್ಯಾ ಅಷ್ಟೇಪಾ, ಇದರಿಂದಲೂ ಕಾಯ್ದೆ ಮಾಡ್ಕೊಬ್ಯಾಡ. ಮನುಷ್ಯಾರನ್ನ ನೋಡು" ಎಂದೆ. ಬರುವಾಗ ದಾರಿಯುದ್ದಕ್ಕೂ ಅವನು ಪ್ರಶ್ನೆ ಕೇಳುತ್ತಲೇ ಬಂದ. ಒಂದೂ ರೀಲ್ಸಿನ ಪ್ರಶ್ನೆಯಲ್ಲ.

ಇದನ್ನೇ ಹೊಸಬರಿಗೆ ಹೇಳಬೇಕೆಂದಿದ್ದೆ. ಪಾಠ ಅರ್ಧಕ್ಕೆ ಬಿಡಬೇಡಿ. ಪ್ರಾಣಿಯಿಂದ ಬಂದೆವು ಎನ್ನುವುದರ ಜೊತೆಗೆ, ಬರುತ್ತ ಬರುತ್ತ ಏನೇನು ಕಲಿತೆವು ಎಂಬುದನ್ನೂ ಅದೇ ಗಂಟೆಯಲ್ಲಿ ಹೇಳಿ ಮುಗಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ.

ನಿವೃತ್ತಿಗೆ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ಮಲ್ಲಿಕಾರ್ಜುನ ಹೊಸಪೇಟೆಯ ನಮ್ಮ ಮನೆಗೆ ಬಂದ. ಕೈಯಲ್ಲಿ ಪೇಡೆಯ ಡಬ್ಬಿ. ಮುಖ ಮದುವೆಯ ದಿನಕ್ಕಿಂತ ಹೆಚ್ಚು ಅರಳಿತ್ತು. ಅಂಬಿಕಾ ಆಗ ಹೊಸಪೇಟೆಯ ಹಾಸ್ಟೆಲಿನಲ್ಲಿದ್ದು ಬಿಎಸ್‌ಸಿ ಓದುತ್ತಿದ್ದಳು. ಪಾಸಾದಳೇನು ಎಂದು ಕೇಳಿದೆ.

"ಅಲ್ರಿ ಮೇಡಂ. ಬೈದ್ಲ್ರಿ!"

"ಯಾರು?"

"ಅಂಬಿಕಾ ರೀ. ಊರಿಗೆ ಕರ್ಕೊಂಡು ಹೋಗಾಕ ಬಂದಿದ್ದೆ. ಗಾಡಿ ಪಂಚರ್ ಆಗಿ ಲೇಟ್ ಆತು, ಫೋನ್ ಸೀಟಿನ ಕೆಳಗ ಬಿದ್ದಿತ್ತು. ಬಸ್ ಸ್ಟ್ಯಾಂಡ್ನಾಗ ಎಲ್ಲಾರ ಮುಂದ, 'ಎಷ್ಟೊತ್ತಿಂದ ನಿಂತೀನಿ, ಫೋನ್ ಎತ್ತಾಕ ಏನಾಗೇತಿ ನಿಮಗ, ಏನಾತೋ ಅಂತ ನನ್ನ ಜೀವ ಹೋಗಿತ್ತು' ಅಂತ ಹಿಡ್ಕೊಂಡು ಬೈದ್ಲ್ರಿ. ಮದಿವಿ ಆದಾಗಿಂದ 'ಹೂಂ ರೀ', 'ಇಲ್ಲ ರೀ', 'ಊಟಕ್ಕ ಬರ್ರಿ', ಇಷ್ಟೇ ಆಗಿತ್ತು ಆಕಿ ಮಾತು. ಮನಿಗೆ ಬಂದ ಸಾಹೇಬ್ರ ಜೋಡಿ ಮಾತಾಡ್ದಂಗ."

"ನೀವೇನಂದ್ರಿ?"

"ನಾನೇನ್ ಅನ್ಲ್ರಿ, ತಪ್ಪು ನಂದೇ. ಸುಮ್ನ ಆಕಿ ಬ್ಯಾಗ್ ತಗೊಂಡೆ. ನಿಮಗ ಮೊದ್ಲು ಹೇಳ್ಬೇಕು ಅನ್ನಿಸ್ತು, ದಾರ್ಯಾಗ ಪೇಡೆ ತಗೊಂಡು ಬಂದೆ."

"ಅವಳೆಲ್ಲಿ?"

"ಗಾಡ್ಯಾಗ ಕುಂತಾಳ್ರಿ. ಒಳಗ ಬಾ ಅಂದ್ರ ಬರ್ಲಿಲ್ಲ."

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಒಂದು ಸಲ, ಮತ್ತೆ ಉದ್ದಕ್ಕೆ ಇನ್ನೊಂದು ಸಲ. ಮಲ್ಲಿಕಾರ್ಜುನ ಬಾಯಲ್ಲಿದ್ದ ಪೇಡೆ ನುಂಗಿ ಗಡಬಡಿಸಿ ಎದ್ದ. "ಇನ್ನಾ ಸಿಟ್ಟು ಇಳಿದಿಲ್ರಿ" ಎಂದು ನಗುತ್ತ, ಚಪ್ಪಲಿ ಅರೆಬರೆ ಮೆಟ್ಟಿಕೊಂಡು ಓಡಿದ.